ಜ್ವರದಲ್ಲಿ ನಾಡಿಯ ಸಾಕ್ಷ್ಯವೂ ಹೃದಯಗತಿಯ ಔಷಧಗಳೂ

ಆಯುರ್ವೇದದ ಪ್ರಾಚೀನ ಗ್ರಂಥಕಾರರು ರೋಗಗಳ ನಡುವೆ ಜ್ವರಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಚರಕಸಂಹಿತೆಯ ನಿದಾನಸ್ಥಾನವು ಜ್ವರನಿದಾನದಿಂದಲೇ ಆರಂಭವಾಗುತ್ತದೆ. ನಾಡಿಯನ್ನು ಹಿಡಿದು ರೋಗವನ್ನರಿಯುವ ಕ್ರಮವಾದರೋ ಆ ಸಂಹಿತೆಯಲ್ಲಿ ವಿಸ್ತಾರವಾಗಿ ಕಾಣಬರುವುದಿಲ್ಲ. ಅದು ಮುಂದೆ ಶಾರ್ಙ್ಗಧರಸಂಹಿತೆಯಲ್ಲಿ ನಿರೂಪಿತವಾಗಿದೆ. ಜ್ವರದಲ್ಲಿ ನಾಡಿಯು ಬಿಸಿಯಾಗಿಯೂ ವೇಗವಾಗಿಯೂ ನಡೆಯುವುದೆಂಬುದು ಅಲ್ಲಿಯ ತಾತ್ಪರ್ಯ. ಈ ಲಕ್ಷಣದ ವಿಷಯದಲ್ಲಿ ಇಂದಿನ ವೈದ್ಯಕ್ಕೂ ವಿವಾದವಿಲ್ಲ. ತಪ್ಪು ಸಂಭವಿಸುವುದು ಆ ಲಕ್ಷಣದಿಂದ ನಾವು ಮಾಡುವ ಅನುಮಾನದಲ್ಲಿ. ಆ ಅನುಮಾನವನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಇದಕ್ಕೆ ನಿಮಿತ್ತವು ಸ್ವಾನುಭವವೇ. ಕೆಲವು ವರ್ಷಗಳಿಂದ ಈ ಲೇಖಕನ ಹೃದಯದ ಗತಿಯು ಕ್ರಮತಪ್ಪಿದೆ. ಹೃದಯದ ಮೇಲಣ ಎರಡು ಕೋಣೆಗಳು ನಿಯಮವಾಗಿ ಸಂಕೋಚಗೊಳ್ಳದೆ ಸುಮ್ಮನೆ ಅದುರುವ ಈ ರೋಗವನ್ನು ಡಾಕ್ಟರುಗಳು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುತ್ತಾರೆ. ಇದಕ್ಕಾಗಿ ದಿನಕ್ಕೊಂದು ಡಿಜಾಕ್ಸಿನ್ ಗುಳಿಗೆಯ ಸೇವನೆ ನಡೆದಿದೆ. ಕಳೆದ ಮಳೆಗಾಲದಲ್ಲಿ ನೆಗಡಿಯೊಡನೆ ಜ್ವರವು ಬಂದು, ಎಂಬತ್ತರ ಸುಮಾರಿನಲ್ಲಿದ್ದ ನಾಡಿಯು ನೂರಿಪ್ಪತ್ತನ್ನು ಮೀರಿತು. “ಗುಳಿಗೆಯು ನಾಡಿಯನ್ನು ಅಡಗಿಸತಕ್ಕದ್ದು, ನಾಡಿಯು ಅಡಗಿಲ್ಲ, ಆದಕಾರಣ ಗುಳಿಗೆಯು ಸಾಲದು” ಎಂದು ನಿಶ್ಚಯಿಸಿ ಎರಡನೆಯ ಗುಳಿಗೆಯನ್ನು ಕೈಗೆ ತೆಗೆದುಕೊಂಡುದಾಯಿತು. ಸೊಸೆಯು ತಡೆದು, ವೈದ್ಯರನ್ನು ದೂರವಾಣಿಯಲ್ಲಿ ಕೇಳಿದಳು. ಅವರು, “ಪಂಡಿತರೇ, ನಾಡಿ ಓಡುತ್ತಿರುವುದು ಜ್ವರದಿಂದ, ಗುಳಿಗೆ ಸಾಲದೆ ಅಲ್ಲ. ಮೊದಲು ಜ್ವರವನ್ನು ನೋಡೋಣ” ಎಂದರು. ತರ್ಕವನ್ನು ಮೂವತ್ತು ವರ್ಷ ಪಾಠಹೇಳಿದವನಿಗೆ ಹೇತುವಿನ ದೋಷವನ್ನು ವೈದ್ಯರು ತೋರಿಸಬೇಕಾಯಿತು.

ಆ ದೋಷವಾವುದು? ಸಾಧ್ಯವಿಲ್ಲದೆಡೆಯಲ್ಲಿಯೂ ಇರುವ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆನ್ನುತ್ತಾರೆ. ನಾಡಿಯ ವೇಗವು ಔಷಧವು ಸಾಲದಿರುವಾಗ ಮಾತ್ರವಲ್ಲ, ಸಾಕಾಗಿರುವಾಗಲೂ ಜ್ವರದ ದೆಸೆಯಿಂದ ಉಂಟಾಗಬಹುದು. ದೇಹದ ತಾಪವು ಸೆಲ್ಸಿಯಸ್ ಮಾನದಲ್ಲಿ ಒಂದು ಡಿಗ್ರಿ ಏರಿದರೆ ಸಾಮಾನ್ಯವಾಗಿ ನಾಡಿಯು ನಿಮಿಷಕ್ಕೆ ೮ರಿಂದ ೧೦ ಬಡಿತಗಳಷ್ಟು ಹೆಚ್ಚುತ್ತದೆ. ೧೯ನೆಯ ಶತಮಾನದ ಜರ್ಮನ್ ವೈದ್ಯನಾದ ಲೀಬರ್‌ಮೈಸ್ಟರನ ಹೆಸರಿನಿಂದ ಈ ನಿಯಮವು ಪ್ರಸಿದ್ಧವಾಗಿದೆ. ತಾಪವೇರಿದ ದೇಹಕ್ಕೆ ಹೆಚ್ಚು ಪ್ರಾಣವಾಯುವು ಬೇಕು. ಹೃದಯವು ಬೇಗ ಬಡಿದು ಅದನ್ನು ಒದಗಿಸುತ್ತದೆ. ಹೀಗಿರುವಲ್ಲಿ ಜ್ವರದ ನಾಡೀವೇಗವು ಬಹುಮಟ್ಟಿಗೆ ದೇಹದ ಅಗತ್ಯವೇ ಹೊರತು ಅಪರಾಧವಲ್ಲ.

ಇನ್ನು ಡಿಜಾಕ್ಸಿನ್ನಿನ ಕ್ರಮವನ್ನು ನೋಡೋಣ. ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯ ಗುಣವನ್ನು ಇಂಗ್ಲೆಂಡಿನ ವಿಲಿಯಂ ವಿದರಿಂಗನು ೧೭೮೫ನೆಯ ಇಸವಿಯಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಆ ಕುಲದ ಮತ್ತೊಂದು ಗಿಡದಿಂದ ೧೯೩೦ರಲ್ಲಿ ಡಿಜಾಕ್ಸಿನ್ ಬೇರ್ಪಡಿಸಲ್ಪಟ್ಟಿತು. ಹೃದಯದ ಮೇಲಣ ಕೋಣೆಗಳಿಂದ ಕೆಳಗಣ ಕೋಣೆಗಳಿಗೆ ವಿದ್ಯುತ್ಪ್ರೇರಣೆಯು ಇಳಿಯುವ ಒಂದು ದ್ವಾರವುಂಟು. ಅಲ್ಲಿ ವೇಗಸ್ ಎಂಬ ನರವು ಕಡಿವಾಣದಂತೆ ಇದೆ. ಡಿಜಾಕ್ಸಿನ್ ಮುಖ್ಯವಾಗಿ ಈ ಕಡಿವಾಣವನ್ನು ಬಿಗಿಯುತ್ತದೆ. ಜ್ವರದಲ್ಲಾದರೋ ಅದಕ್ಕೆ ಪ್ರತಿಯಾದ ನರಗಳೂ ಅಡ್ರಿನಲಿನ್ ಎಂಬ ರಸವೂ ಪ್ರಬಲವಾಗಿ ಕುದುರೆಯನ್ನು ಮುಂದಕ್ಕಟ್ಟುತ್ತವೆ. ಕಡಿವಾಣವು ಸಡಿಲವಾದಂತೆ ಕಾಣುತ್ತದೆ. ಆಗ ಅದನ್ನು ಇನ್ನೂ ಬಿಗಿಯಲೆತ್ನಿಸಿದರೆ ಕುದುರೆಯು ನಿಲ್ಲುವುದಕ್ಕಿಂತ ಮೊದಲು ಅದರ ಬಾಯಿಯು ಹರಿಯುವುದು. ಈ ಔಷಧದಲ್ಲಿ ಗುಣಮಾಡುವ ಅಳತೆಗೂ ವಿಷವಾಗುವ ಅಳತೆಗೂ ನಡುವಣ ಅಂತರವು ಬಹಳ ಕಿರಿದು. ವಾಂತಿ, ಊಟದಲ್ಲಿ ಅರುಚಿ, ಕಣ್ಣಿಗೆ ವಸ್ತುಗಳು ಹಳದಿಯಾಗಿ ತೋರುವುದು, ಕೊನೆಗೆ ಹೃದಯದ ಗತಿಯೇ ಹೊಸದಾಗಿ ಕೆಡುವುದು, ಇವು ಅದರ ವಿಷಲಕ್ಷಣಗಳು.

ಔಷಧವನ್ನು ಹೊತ್ತ ದೇಹವನ್ನೂ ಜ್ವರವು ಮಾರ್ಪಡಿಸುತ್ತದೆ. ಡಿಜಾಕ್ಸಿನ್ ಬಹುಪಾಲು ಮೂತ್ರಪಿಂಡಗಳ ಮೂಲಕ ಹೊರಬೀಳುವಂಥದು. ಅವು ಸ್ವಸ್ಥವಾಗಿದ್ದರೂ ದೇಹದಲ್ಲಿರುವ ಔಷಧದಲ್ಲಿ ಅರ್ಧವು ಹೋಗುವುದಕ್ಕೆ ಒಂದೂವರೆಯಿಂದ ಎರಡು ದಿನ ಬೇಕು. ಜ್ವರದಲ್ಲಿ ಬೆವರು ಸುರಿದು, ಊಟನೀರುಗಳು ಬಿಟ್ಟುಹೋಗಿ ದೇಹವು ಒಣಗಿದರೆ ಮೂತ್ರಪಿಂಡಗಳ ಕೆಲಸ ಕುಂದುತ್ತದೆ. ನಿತ್ಯದ ಗುಳಿಗೆಯೇ ಮಿತಿಮೀರಿ ಶೇಖರವಾಗಬಹುದು. ವಾಂತಿಭೇದಿಗಳಾದರೆ ರಕ್ತದ ಪೊಟ್ಯಾಸಿಯಂ ಲವಣವು ಇಳಿದು ವಿಷತ್ವವು ಮತ್ತಷ್ಟು ಸುಲಭವಾಗುತ್ತದೆ. ಹೊರಗೆ ನಾಡಿಯು “ಔಷಧ ಸಾಲದು” ಎಂದು ಸಾರುತ್ತಿರುವಾಗಲೇ ಒಳಗೆ ಔಷಧವು ಹೆಚ್ಚಾಗುತ್ತಿರಬಹುದು.

ಮೇಲಿನದಕ್ಕೆ ವಿಪರೀತವಾದ ಭ್ರಾಂತಿಯೂ ಉಂಟು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬುದು ಸರಿಯಲ್ಲವೆಂದು ತೋರಿಸಲು ತಾರ್ಕಿಕರು ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಾರೆ. ಮೆಟೊಪ್ರೊಲಾಲ್, ಪ್ರೊಪ್ರನಲಾಲ್ ಮೊದಲಾದ ಬೀಟಾ ಬ್ಲಾಕರ್ ಔಷಧಗಳನ್ನು ಸೇವಿಸುವವನು ಜ್ವರದಲ್ಲಿ ಈ ಗುಂಡಿನಂತೆ. ಅವು ಹೃದಯದಲ್ಲಿ ಅಡ್ರಿನಲಿನ್ನಿನ ಪ್ರೇರಣೆಯನ್ನು ತಡೆಯುವುದರಿಂದ ತಾಪವು ತೀವ್ರವಾಗಿದ್ದರೂ ನಾಡಿಯು ಅದಕ್ಕೆ ತಕ್ಕಷ್ಟು ಏರದು. ನಾಡಿಯು ಶಾಂತವಾಗಿದೆಯೆಂದು ರೋಗವನ್ನು ಹಗುರವಾಗಿ ಎಣಿಸಿದರೆ ಅನರ್ಥವಾದೀತು. ಹಾಗೆಂದು ನಾಡಿಯು ಏರಲೆಂಬ ಭಾವನೆಯಿಂದ ಆ ಔಷಧವನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಅಷ್ಟು ದಿನ ತಡೆಯಲ್ಪಟ್ಟಿದ್ದ ಪ್ರೇರಣೆಯು ಒಮ್ಮೆಗೇ ಮೇಲೆಬೀಳುವುದು.

ಜ್ವರಕ್ಕೂ ಹೃದಯಗತಿಯ ಔಷಧಕ್ಕೂ ಇರುವ ಸಂಬಂಧವು ಚರಿತ್ರೆಯಲ್ಲಿಯೂ ಸ್ವಾರಸ್ಯವಾಗಿದೆ. ದಕ್ಷಿಣ ಅಮೆರಿಕೆಯ ಸಿಂಕೋನ ಮರದ ತೊಗಟೆಯು ಚಳಿಜ್ವರಕ್ಕೆ ಔಷಧವೆಂದು ಪ್ರಖ್ಯಾತವಾಯಿತು. ೧೮೬೦ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿಯೂ ಆ ಮರಗಳನ್ನು ಬೆಳೆಸಿದರು. ಅದರ ಸಾರವಾದ ಕ್ವಿನೈನನ್ನು ಫ್ರಾನ್ಸಿನ ಪೆಲ್ತಿಯೇ, ಕಾವಂತು ಎಂಬಿಬ್ಬರು ೧೮೨೦ರಲ್ಲಿಯೇ ಬೇರ್ಪಡಿಸಿದ್ದರು. ೧೯೧೨ರಲ್ಲಿ ಡಚ್ ವರ್ತಕನೊಬ್ಬನು ವೆಂಕೆಬಾಕ್ ಎಂಬ ವೈದ್ಯನ ಬಳಿಗೆ ಬಂದು, ತನ್ನ ಕ್ರಮತಪ್ಪಿದ ನಾಡಿಯು ಕ್ವಿನೈನಿನಿಂದ ಸರಿಹೋಗುವುದೆಂದು ಹೇಳಿದನು. ಮರುದಿನ ಅದನ್ನು ತೋರಿಸಿಯೂ ಕೊಟ್ಟನು. ವೈದ್ಯನು ೧೯೧೪ರಲ್ಲಿ ಇದನ್ನು ಬರೆದಿಟ್ಟನು. ೧೯೧೮ರಲ್ಲಿ ಫ್ರೈ ಎಂಬಾತನು ಆ ತೊಗಟೆಯ ಸಾರಗಳನ್ನು ಹೋಲಿಸಿ ನೋಡಿ, ಕ್ವಿನಿಡಿನ್ ಎಂಬುದು ಈ ಕೆಲಸಕ್ಕೆ ಅತಿಸಮರ್ಥವೆಂದು ಕಂಡನು. ಜ್ವರದ ಔಷಧದ ಒಡಹುಟ್ಟು ಹೃದಯಗತಿಯ ಔಷಧವಾದ ಬಗೆಯಿದು. ಈ ಬಾಂಧವ್ಯದಲ್ಲಿ ಅಪಾಯವೂ ಇದೆ: ಕ್ವಿನೈನ್, ಕ್ಲೋರೊಕ್ವಿನ್‌ಗಳು ಒಂದೊಂದು ಬಡಿತದ ಬಳಿಕ ಹೃದಯವು ಚೇತರಿಸಿಕೊಳ್ಳುವ ಕಾಲವನ್ನು ಉದ್ದಮಾಡುತ್ತವೆ. ಸೋಟಲಾಲ್, ಕ್ವಿನಿಡಿನ್‌ಗಳೂ ಹಾಗೆಯೇ. ಎರಡೂ ಕೂಡಿದರೆ ಮಾರಕವಾದ ಗತಿಭಂಗವು ಸಂಭವಿಸಬಹುದು.

ಜ್ವರವು ತಾನೇ ಹೃದಯಗತಿಯನ್ನು ಕೆಡಿಸುವ ಒಂದು ವಿಶೇಷ ಪ್ರಸಂಗವನ್ನು ೧೯೯೨ರಲ್ಲಿ ಪೇದ್ರೊ ಬ್ರುಗಾಡ, ಜೋಸೆಪ್ ಬ್ರುಗಾಡ ಎಂಬ ಸಹೋದರರು ವರ್ಣಿಸಿದ ರೋಗದಲ್ಲಿ ಕಾಣಬಹುದು. ಈ ರೋಗವುಳ್ಳ ಕೆಲವರಲ್ಲಿ ಹೃದಯದ ಜೀವಕಣಗಳ ಪೊರೆಯಲ್ಲಿ ಸೋಡಿಯಂ ಒಳಹೊಗುವ ದ್ವಾರಗಳು ಹುಟ್ಟಿನಿಂದಲೇ ದುರ್ಬಲ. ತಾಪವೇರಿದಾಗ ಈ ದೌರ್ಬಲ್ಯವು ಹೆಚ್ಚಿ, ಅದುವರೆಗೆ ಸ್ವಸ್ಥನಂತಿದ್ದವನು ಮೂರ್ಛೆಹೋಗಬಹುದು, ಮೃತನೂ ಆಗಬಹುದು. ಅದೇ ದ್ವಾರಗಳನ್ನು ತಡೆಯುವ ಫ್ಲೆಕಾನೈಡ್ ಮೊದಲಾದ ಔಷಧಗಳು ಇಂಥವರಿಗೆ ನಿಷಿದ್ಧ. ಕ್ವಿನಿಡಿನ್ ಮಾತ್ರ, ಬೇರೊಂದು ದ್ವಾರವನ್ನೂ ತಡೆಯುವ ಗುಣದಿಂದ, ರಕ್ಷಕವಾಗುವುದುಂಟು. ಇವರಿಗೆ ಜ್ವರವು ಬಂದೊಡನೆ ಅದನ್ನು ಇಳಿಸುವುದೇ ಮೊದಲ ಕರ್ತವ್ಯವು.

ಜ್ವರಕ್ಕೆಂದು ಕೊಡುವ ಇತರ ಔಷಧಗಳ ಸಹವಾಸವನ್ನೂ ಗಮನಿಸಬೇಕು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್‌ಗಳು ರಕ್ತದಲ್ಲಿ ಡಿಜಾಕ್ಸಿನ್ನಿನ ಮಟ್ಟವನ್ನೇರಿಸಬಲ್ಲವು. ಸೋಟಲಾಲ್ ಸೇವಿಸುವವರಿಗೆ ಮೇಲೆ ಹೇಳಿದ ಗತಿಭಂಗದ ಭಯವನ್ನೂ ತರಬಲ್ಲವು. ಇನ್ನೊಂದು ವೈಚಿತ್ರ್ಯವೆಂದರೆ, ಕೆಲವು ವೇಳೆ ಹೃದಯದ ಔಷಧವೇ ಜ್ವರಕ್ಕೆ ಕಾರಣವಾಗುವುದು. ಕ್ವಿನಿಡಿನ್, ಪ್ರೊಕೇನಮೈಡ್‌ಗಳು ಜ್ವರವನ್ನು ಹುಟ್ಟಿಸಿರುವುದುಂಟು. ಅಮಿಯೊಡರೋನ್ ಎಂಬುದು ಶ್ವಾಸಕೋಶವನ್ನು ಕೆಡಿಸಿದಾಗ ಕೆಮ್ಮು, ಉಬ್ಬಸಗಳೊಡನೆ ಜ್ವರವೂ ತೋರಿ, ಸೋಂಕೆಂದು ಭ್ರಮೆಯುಂಟಾಗುತ್ತದೆ. ಆದುದರಿಂದ ತಾನು ಯಾವ ಯಾವ ಔಷಧವನ್ನು ಸೇವಿಸುತ್ತಿರುವೆನೆಂಬುದನ್ನು ಜ್ವರಿತನು ವೈದ್ಯನಿಗೆ ಮೊದಲೇ ತಿಳಿಸತಕ್ಕದ್ದು.

ಇಷ್ಟರಿಂದ ಫಲಿತವಾದುದೇನೆಂದರೆ: ಜ್ವರಕಾಲದ ನಾಡಿಯು ಒಬ್ಬ ಸಾಕ್ಷಿ, ನ್ಯಾಯಾಧೀಶನಲ್ಲ. ಅದು ವೇಗವಾಗಿದೆಯೆಂದು ಗುಳಿಗೆಯನ್ನು ಹೆಚ್ಚಿಸಲಾಗದು. ಶಾಂತವಾಗಿದೆಯೆಂದು ಜ್ವರವನ್ನು ಉಪೇಕ್ಷಿಸಲಾಗದು. ಜ್ವರವು ಬಂದಿತೆಂದು ನಿತ್ಯದ ಔಷಧವನ್ನು ತಾನಾಗಿ ಬಿಡಲೂ ಆಗದು. ತಾಪವನ್ನಳೆದು, ನೀರುಗಂಜಿಗಳನ್ನು ವೈದ್ಯರು ವಿಧಿಸಿದ ಮಿತಿಯಲ್ಲಿ ಸೇವಿಸಿ, ಅವರನ್ನು ಕೇಳಿ ನಡೆಯಬೇಕು. ಮೂರ್ಛೆ, ಎದೆನೋವು, ಉಬ್ಬಸ, ನಿಲ್ಲದ ವಾಂತಿಗಳು ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಈ ಲೇಖಕನ ಜ್ವರವು ನಾಲ್ಕನೆಯ ದಿನ ಇಳಿಯಿತು. ನಾಡಿಯೂ ಅದರ ಹಿಂದೆಯೇ ಇಳಿದು ತನ್ನ ಹಳೆಯ ಎಂಬತ್ತಕ್ಕೆ ಬಂದಿತು. ಅಂದು ತೆಗೆದ ಎರಡನೆಯ ಗುಳಿಗೆಯು ಡಬ್ಬಿಯಲ್ಲಿಯೇ ಉಳಿದು, ಮರುದಿನದ ಗುಳಿಗೆಯಾಯಿತು.