‘ನಾವು’ ಮತ್ತು ‘ಅವರು’: ದ್ವಂದ್ವ ಚಿಂತನೆಯ ರಾಜಕಾರಣ

ಹಗಲು–ಇರುಳು, ಹಸಿ–ಬೆಂದದ್ದು, ಊರು–ಕಾಡು: ಲೋಕವನ್ನು ವಿರುದ್ಧ ಜೋಡಿಗಳಾಗಿ ವಿಂಗಡಿಸಿ ಅರಿಯುವುದು ಮನುಷ್ಯನ ಹಳೆಯ ರೂಢಿ. ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ ಪುರಾಣಕಥೆಗಳ ಒಳರಚನೆಯನ್ನು ಇಂಥ ಜೋಡಿಗಳ ಮೂಲಕವೇ ವಿವರಿಸಿದರು. ಆದರೆ ಜೋಡಿಯ ಎರಡು ಪದಗಳು ಸಮಾನವಲ್ಲ. ಒಂದು ಸದಾ ಮೇಲು, ಮತ್ತೊಂದು ಅದರ ಕೊರತೆಯಷ್ಟೇ ಎಂದು ಪರಿಗಣಿತವಾಗುತ್ತದೆ ಎಂಬುದನ್ನು ತತ್ತ್ವಜ್ಞಾನಿ ಜಾಕ್ ಡೆರಿಡಾ ತೋರಿಸಿಕೊಟ್ಟರು.

ವಸಾಹತೋತ್ತರ ಚಿಂತಕರು ಈ ಒಳನೋಟವನ್ನು ಸಾಮ್ರಾಜ್ಯಗಳ ಚರಿತ್ರೆಗೆ ಅನ್ವಯಿಸಿದರು. ವಿಚಾರಶೀಲ ಪಶ್ಚಿಮ, ಭಾವುಕ ಪೂರ್ವ ಎಂಬ ವಿಂಗಡಣೆಯು ಪರರನ್ನು ಆಳಲು ಸಮರ್ಥನೆ ಒದಗಿಸಿತೆಂದು ಎಡ್ವರ್ಡ್ ಸೈದ್ 1978ರ ‘ಓರಿಯಂಟಲಿಸಂ’ ಕೃತಿಯಲ್ಲಿ ವಾದಿಸಿದರು. ಇಂಥ ಎರಡು ತುದಿಗಳ ನಡುವಿನ ಮಿಶ್ರ ನೆಲೆಯತ್ತ ಹೋಮಿ ಭಾಭಾ ಗಮನ ಸೆಳೆದರು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದಿತು. ನೆಲೆನಿಂತವನು ಸಭ್ಯ, ಅಲೆಮಾರಿ ಶಂಕಿತ ಎಂಬ ದ್ವಂದ್ವವೇ ಅದರ ತಳಹದಿ. ಅಧಿಸೂಚಿತ ಸಮುದಾಯದವರು ಹೆಸರು ನೋಂದಾಯಿಸಬೇಕಿತ್ತು. ಅವರ ಓಡಾಟಕ್ಕೆ ಪರವಾನಗಿಯ ಕಟ್ಟುಪಾಡು ಹೇರಲಾಯಿತು. ಮದ್ರಾಸ್ ಪ್ರಾಂತ್ಯದ ಕೊರವರು ಉಪ್ಪು, ಧಾನ್ಯ ಹೊತ್ತು ಕರಾವಳಿಯನ್ನೂ ಒಳನಾಡನ್ನೂ ಬೆಸೆಯುತ್ತಿದ್ದ ವ್ಯಾಪಾರಿಗಳು. ಅಲೆಯುವುದೇ ಅವರ ಕಸುಬು. ನಂತರದ ವರ್ಷಗಳಲ್ಲಿ ಅವರೂ ಆ ಪಟ್ಟಿಗೆ ಸೇರಿದರು. ಅಲೆಮಾರಿಯೂ ಗೌರವಸ್ಥನಾಗಿರಬಲ್ಲನೆಂಬ ಸರಳ ಸಂಗತಿಗೆ ಆ ವಿಂಗಡಣೆಯಲ್ಲಿ ಜಾಗವಿರಲಿಲ್ಲ.

ಹಾಗಾದರೆ ಪದಗಳ ಸ್ಥಾನ ಬದಲಿಸಿ, ಪೂರ್ವವೇ ಮೇಲು ಎಂದರೆ ಸಾಕೆ? ಸಾಲದು. ಆಳಿಸಿಕೊಂಡವರು ಆಳುವವರ ಅಳತೆಗೋಲನ್ನೇ ಒಳಗೆ ಬಿಟ್ಟುಕೊಳ್ಳುವ ಅಪಾಯವನ್ನು ಆಶಿಶ್ ನಂದಿ 1983ರಲ್ಲೇ ಗುರುತಿಸಿದ್ದರು. ಸೈದ್ ಅವರ ವಾದವೂ ಪಶ್ಚಿಮವನ್ನು ಒಂದೇ ಅಚ್ಚಿನದೆಂದು ಭಾವಿಸುತ್ತದೆಂದು ಐಜಾಜ್ ಅಹ್ಮದ್ 1992ರಲ್ಲಿ ಆಕ್ಷೇಪಿಸಿದರು.

ಮೇಲಿನ ಕಾಯ್ದೆಯ ಮುಂದಿನ ಕಥೆ ಈ ಎಚ್ಚರಿಕೆಗೆ ಪುಷ್ಟಿ ಕೊಡುತ್ತದೆ. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದುಗೊಳಿಸಿತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾನೂನುಗಳನ್ನು ತಂದವು. ಕರ್ನಾಟಕದ ಕಾನೂನು 1961ರದು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸದಂತೆ ಎಚ್ಚರ ವಹಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲೂ ಪೊಲೀಸರಿಗೆ ನಿರ್ದೇಶನ ನೀಡಬೇಕಾಯಿತು.

ಆಳುವವರು ಬದಲಾದರೂ ವಿಂಗಡಣೆ ಉಳಿಯಬಲ್ಲದು. ಯಾರು ಮೇಲು ಎಂಬುದಕ್ಕಿಂತ, ಈ ಗೆರೆಯನ್ನು ಯಾರು, ಯಾತಕ್ಕಾಗಿ ಎಳೆದರು ಎಂದು ಕೇಳುವುದೇ ವಸಾಹತೋತ್ತರ ವಿಮರ್ಶೆ ಕಲಿಸುವ ಮೊದಲ ಪಾಠ.