ನೂರು ವರ್ಷಕ್ಕೊಮ್ಮೆ ಅರಳುವ ರಾಣಿ

ಮದುವೆ ಮನೆಯಲ್ಲಿ ಅನಾನಸ್ ಗೊಜ್ಜನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಆ ಅನಾನಸಿಗೆ ದೈತ್ಯಾಕಾರದ ಬಂಧುವೊಂದು ಇದೆ ಎಂಬುದು ನಿಮಗೆ ಗೊತ್ತೇ? ಅದೇ ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಬೆಳೆಯುವ ಪೂಯಾ ರೈಮಾಂಡಿ. ಜನ ಇದನ್ನು 'ಆಂಡೀಸ್ ರಾಣಿ' ಎಂದು ಕರೆಯುತ್ತಾರೆ.

ರಾಣಿಯ ವಾಸ ಸುಮಾರು 4,000 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮೇಲೆ. ಹಗಲು ಸುಡುವ ಬಿಸಿಲು, ರಾತ್ರಿ ಹೆಪ್ಪುಗಟ್ಟಿಸುವ ಚಳಿ. ಅಲ್ಲಿ ಮುಳ್ಳಿನ ಅಂಚುಳ್ಳ ನೂರಾರು ಎಲೆಗಳ ಗುಚ್ಛವಾಗಿ ಈ ಗಿಡ ದಶಕಗಳ ಕಾಲ ಸುಮ್ಮನೆ ನಿಂತಿರುತ್ತದೆ. ಎಂಬತ್ತು, ನೂರು ವರ್ಷಗಳು ಹೀಗೆಯೇ ಕಳೆಯುತ್ತವೆ.

ಆಮೇಲೆ ಒಂದು ದಿನ ನಡುವಿನಿಂದ ಹೂಗೊಂಚಲು ಏಳುತ್ತದೆ. ಗಿಡದ ಒಟ್ಟು ಎತ್ತರ ಆಗ ಹತ್ತು ಮೀಟರಿಗೂ ಮಿಕ್ಕುತ್ತದೆ, ಹೆಚ್ಚುಕಡಿಮೆ ಮೂರಂತಸ್ತಿನ ಕಟ್ಟಡದಷ್ಟು! ಒಂದೇ ಗೊಂಚಲಿನಲ್ಲಿ 8,000ಕ್ಕೂ ಹೆಚ್ಚು ಹೂ. ಮಕರಂದಕ್ಕಾಗಿ ಝೇಂಕಾರದ ಹಕ್ಕಿಗಳು ಮುತ್ತುತ್ತವೆ. ಲಕ್ಷಗಟ್ಟಲೆ ಹಗುರ ಬೀಜಗಳನ್ನು ಗಾಳಿಗೆ ಬಿಟ್ಟು ಗಿಡ ಸಾಯುತ್ತದೆ. ನಮ್ಮ ಬಾಳೆಯೂ ಗೊನೆ ಕೊಟ್ಟ ಮೇಲೆ ಬಾಳುವುದಿಲ್ಲ, ನಿಜ. ಆದರೆ ಅದು ಬುಡದಲ್ಲಿ ಕಂದುಗಳನ್ನು ಬಿಟ್ಟು ಹೋಗುತ್ತದೆ. ಈ ರಾಣಿಗೆ ಬೀಜವಲ್ಲದೆ ಬೇರೆ ವಾರಸುದಾರರಿಲ್ಲ.

1830ರಲ್ಲಿ ಫ್ರೆಂಚ್ ವಿಜ್ಞಾನಿ ಆಲ್ಸಿದ್ ದೊರ್ಬಿನ್ಯಿ ಇದನ್ನು ಬೊಲಿವಿಯಾದಲ್ಲಿ ಕಂಡರು. ಇಟಲಿಯಿಂದ ಪೆರುವಿಗೆ ಬಂದು ನೆಲೆಸಿ, ಆ ನಾಡಿನ ಮೂಲೆಮೂಲೆ ತಿರುಗಿದ ಆಂಟೋನಿಯೊ ರೈಮಾಂಡಿ 1874ರಲ್ಲಿ ಇದನ್ನು ವರ್ಣಿಸಿದರು. ಈಗಿನ ಹೆಸರು ಅವರದೇ ನೆನಪಿಗೆ 1928ರಲ್ಲಿ ಬಂದದ್ದು. ಅಮೆರಿಕದ ಬರ್ಕ್ಲಿಯ ಸಸ್ಯೋದ್ಯಾನದಲ್ಲಿ ನೆಟ್ಟ ಗಿಡವೊಂದು 1986ರಲ್ಲಿ, ಬರೇ 28ನೇ ವಯಸ್ಸಿಗೇ ಹೂ ಬಿಟ್ಟು ಎಲ್ಲರನ್ನೂ ಬೆರಗುಗೊಳಿಸಿತು.

ಇಂದು ಈ ಗಿಡ ಅಳಿವಿನ ಅಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಕೊಕ್ಕೆಯಂಥ ಮುಳ್ಳುಗಳಿಗೆ ಕುರಿಗಳು ಸಿಕ್ಕಿಬೀಳುತ್ತವೆಂದು ಕುರಿಗಾಹಿಗಳು ಬೆಂಕಿ ಇಡುವುದುಂಟು. ಹುಲ್ಲುಗಾವಲಿಗೆ ಹಚ್ಚಿದ ಕಿಚ್ಚೂ ಅಲ್ಲಿಗೆ ಹಬ್ಬುತ್ತದೆ. ಕುರಿಯನ್ನೇ ನಂಬಿದ ಬಡವನ ಕಷ್ಟವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೂ ಬಿಡುವ ಮೊದಲೇ ಗಿಡ ಸುಟ್ಟುಹೋದರೆ ಒಂದು ಶತಮಾನದ ಕಾಯುವಿಕೆ ಒಂದು ಮಧ್ಯಾಹ್ನದಲ್ಲಿ ಬೂದಿಯಾಗುತ್ತದೆ. 1975ರಲ್ಲಿ ಸ್ಥಾಪನೆಯಾದ ಪೆರುವಿನ ವಾಸ್ಕರಾನ್ ರಾಷ್ಟ್ರೀಯ ಉದ್ಯಾನ ಇದಕ್ಕೆ ಆಸರೆ ನೀಡಿದೆ.

ಗೆಳೆಯರೇ, ಅಲ್ಲಿ ಇಂದು ಮೊಳೆತ ಸಸಿಯ ಹೂವನ್ನು ನಾವು ಕಾಣಲಾರೆವು. ಬಹುಶಃ ನಮ್ಮ ಮೊಮ್ಮಕ್ಕಳು ಕಂಡಾರು. ಅಜ್ಜ ನೆಟ್ಟ ಮಾವಿನ ಹಣ್ಣು ತಿಂದ ನಮಗೆ ಈ ಲೆಕ್ಕ ಅರ್ಥವಾಗಬೇಕಲ್ಲವೇ?