ಕಾನೂನಿನ ಮರ, ಕಾನೂನಿನ ಮೀನು: ವಾಣಿಜ್ಯ ಪ್ರಭೇದಗಳ ಶಾಸನವ್ಯಾಖ್ಯೆಯಲ್ಲಿ ಅರ್ಥವ್ಯಾಪ್ತಿ

ಸಾರಾಂಶ: ಕಡಿಯುವ, ಹಿಡಿಯುವ, ಸಾಗಿಸುವ ಜೀವಿಗಳನ್ನು ಕಾನೂನು ಹೇಗೆ ವ್ಯಾಖ್ಯಾನಿಸುತ್ತದೆ ಎಂಬುದನ್ನು ಅರ್ಥವಿಜ್ಞಾನದ ನೆಲೆಯಿಂದ ಈ ಲೇಖನ ವಿವರಿಸುತ್ತದೆ. ವ್ಯಾಖ್ಯೆಯ ಕ್ರಿಯಾಪದ, ಸಮಾಸದೊಳಗಿನ ಸಂಬಂಧ ಮತ್ತು ಪ್ರಭೇದದ ಹೆಸರು ಎಂಬ ಮೂರು ಎಡೆಗಳಲ್ಲಿ ಅರ್ಥವ್ಯಾಪ್ತಿ ಅನಿಶ್ಚಿತವಾಗುತ್ತದೆ ಎಂಬುದು ಇಲ್ಲಿನ ವಾದ.

ಮುಖ್ಯಪದಗಳು: ಶಾಸನಭಾಷೆ, ಅರ್ಥವ್ಯಾಪ್ತಿ, ಸಮಾಸ, ಸಸ್ಯನಾಮ, ಕನ್ನಡ–ತೆಲುಗು ದ್ವಿಭಾಷಿಕತೆ

1. ಪ್ರಶ್ನೆ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಿನ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ದಿನಬಳಕೆಯ ಭಾಷೆಗಳು. ಕನ್ನಡದಲ್ಲಿ ‘ಗಿಡ’ ಮತ್ತು ‘ಮರ’ಗಳ ನಡುವೆ ಗೆರೆಯುಂಟು, ತೆಲುಗಿನ ‘ಚೆಟ್ಟು’ ಹುಣಸೆಗೂ ಸಲ್ಲುತ್ತದೆ, ಮೆಣಸಿನಕಾಯಿ ಗಿಡಕ್ಕೂ ಸಲ್ಲುತ್ತದೆ. ಇತ್ತ ಕನ್ನಡದ ‘ಮರ’ ನಿಂತ ವೃಕ್ಷವನ್ನೂ ಅದರಿಂದ ಬಂದ ವಸ್ತುವನ್ನೂ ಹೇಳುತ್ತದೆ: ‘ಹೊಂಗೆ ಮರ’, ‘ಮರದ ಬಾಗಿಲು’. ತೆಲುಗಿನಲ್ಲಿ ಎರಡನೆಯದಕ್ಕೆ ‘ಕಲಪ’, ‘ಕರ್ರ’ ಎಂಬ ಬೇರೆ ಪದಗಳಿವೆ. ಒಂದೇ ಹೊಲದ ಅಂಚಿನಲ್ಲಿ ನಿಂತ ಇಬ್ಬರು ರೈತರ ಮಾತಿನಲ್ಲಿ ಈ ಪದಗಳ ವ್ಯಾಪ್ತಿ ಬೇರೆ ಬೇರೆಯಾಗಿದ್ದರೂ ಅವರ ವ್ಯವಹಾರ ಕೆಡುವುದಿಲ್ಲ. ಆದರೆ ಮರ ಕಡಿಯಲು ಅನುಮತಿ ಬೇಕೆ, ಸಾಗಿಸಲು ರಹದಾರಿ ಬೇಕೆ ಎಂಬ ಪ್ರಶ್ನೆ ಎದ್ದಾಗ ಪದದ ವ್ಯಾಪ್ತಿಯೇ ದಂಡನೆಯ ವ್ಯಾಪ್ತಿಯಾಗುತ್ತದೆ.

2. ‘ಎಂದರೆ’ ಮತ್ತು ‘ಒಳಗೊಳ್ಳುತ್ತದೆ’

ಶಾಸನವ್ಯಾಖ್ಯೆಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಸಮೀಕರಣ. ಕನ್ನಡದಲ್ಲಿ ಇದರ ಗುರುತು ‘ಎಂದರೆ’. ‘ಎನ್’ ಧಾತುವಿನ ಪಕ್ಷಾರ್ಥಕ ರೂಪವಾದ ಇದು ‘ಹೀಗೆ ಹೇಳಿದರೆ ಇದನ್ನೇ ತಿಳಿಯಬೇಕು’ ಎಂದು ವ್ಯಾಪ್ತಿಯನ್ನು ಮುಚ್ಚುತ್ತದೆ. ದೆಹಲಿಯ 1994ರ ಮರಗಳ ಸಂರಕ್ಷಣಾ ಕಾಯ್ದೆ ಈ ಬಗೆಯದು. ಅದರ ಪ್ರಕಾರ ಮರವೆಂದರೆ ಕಾಂಡದ ಮೇಲೆ ಕೊಂಬೆಗಳುಳ್ಳ ಕಾಷ್ಠಸಸ್ಯ. ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ 5 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಎತ್ತರ 1 ಮೀಟರಿಗೆ ಕಡಿಮೆಯಿರಬಾರದು. ಗಿಡ ಎಲ್ಲಿ ಮರವಾಗುತ್ತದೆ ಎಂಬ ಅಸ್ಪಷ್ಟತೆಯನ್ನು ಇಲ್ಲಿ ಅಳತೆಗೋಲು ಪರಿಹರಿಸುತ್ತದೆ.

ಎರಡನೆಯದು ಸೇರ್ಪಡೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ‘ಮರ’ವು ತಾಳೆಜಾತಿ, ಬಿದಿರು, ಮೋಟು, ಕುರುಚಲು, ಬೆತ್ತಗಳನ್ನು ‘ಒಳಗೊಳ್ಳುತ್ತದೆ’. ಮರ ಏನೆಂಬುದನ್ನು ಕಾಯ್ದೆ ಹೇಳುವುದಿಲ್ಲ. ಆ ತಿರುಳನ್ನು ಲೋಕರೂಢಿಗೆ ಬಿಟ್ಟು, ರೂಢಿಯಲ್ಲಿ ಮರವೆನಿಸದವನ್ನು ಅಂಚಿಗೆ ಸೇರಿಸುತ್ತದೆ. ಕನ್ನಡಿಗರು ‘ಬಿದಿರು ಮೆಳೆ’ ಎನ್ನುತ್ತಾರೆ, ‘ಬಿದಿರು ಮರ’ ಎನ್ನುವುದಿಲ್ಲ. ಆ ಕಾರಣಕ್ಕೇ ಬಿದಿರನ್ನು ಹೆಸರಿಸಬೇಕಾಯಿತು. 2006ರ ಅರಣ್ಯ ಹಕ್ಕುಗಳ ಕಾಯ್ದೆ ಅದೇ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿತು. 2017ರಲ್ಲಿ 1927ರ ಕಾಯ್ದೆಯ ಪಟ್ಟಿಯಿಂದ ‘ಬಿದಿರು’ ಎಂಬ ಪದವನ್ನು ತೆಗೆಯಲಾಯಿತು. ಸಸ್ಯ ಬದಲಾಗಲಿಲ್ಲ, ಒಂದು ಪದ ಅಳಿದುದರಿಂದ ಅರಣ್ಯದಾಚೆ ಬೆಳೆದ ಬಿದಿರು ನಿಯಂತ್ರಣದಿಂದ ಹೊರಬಂದಿತು. ಆದರೆ ಕರ್ನಾಟಕಕ್ಕೆ ತನ್ನದೇ 1963ರ ಅರಣ್ಯ ಕಾಯ್ದೆಯಿದೆ; ಕೇಂದ್ರ ಕಾಯ್ದೆಯ ತಿದ್ದುಪಡಿ ಅದರ ಪಠ್ಯವನ್ನು ತಾನಾಗಿ ತಿದ್ದುವುದಿಲ್ಲ.

ಮೀನಿನ ಸಂಗತಿಯೂ ಹೀಗೆಯೇ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲಿ ‘ಮೀನು’ ಚಿಪ್ಪುಜೀವಿಗಳನ್ನು ಒಳಗೊಳ್ಳುತ್ತದೆ. ಇಲ್ಲಿ ವರ್ಗವನ್ನು ಕಟ್ಟುವುದು ದೇಹರಚನೆಯಲ್ಲ, ನೀರಿನಿಂದ ಹಿಡಿಯುವ ಕ್ರಿಯೆ. ಸೇರ್ಪಡೆಯ ಪಟ್ಟಿ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಕ್ಯಾಲಿಫೋರ್ನಿಯಾ ನಿದರ್ಶನ. ಅಲ್ಲಿನ ಸಂಹಿತೆಯ ‘ಮೀನು’ ಅಕಶೇರುಕಗಳನ್ನು ಒಳಗೊಳ್ಳುವುದರಿಂದ, 2022ರಲ್ಲಿ ಮೇಲ್ಮನವಿ ನ್ಯಾಯಾಲಯವು ಬಂಬಲ್‌ಬೀ ಎಂಬ ಜೇನುಜಾತಿಯೂ ಆ ವ್ಯಾಖ್ಯೆಗೆ ಸೇರಬಲ್ಲದೆಂದಿತು.

3. ಸಮಾಸದ ಇಕ್ಕಟ್ಟು

ತತ್ಪುರುಷ ಸಮಾಸದಲ್ಲಿ ಪೂರ್ವೋತ್ತರ ಪದಗಳ ಸಂಬಂಧ ಮೇಲ್ರೂಪದಲ್ಲಿ ಕಾಣುವುದಿಲ್ಲ. ‘ಎಳ್ಳೆಣ್ಣೆ’ಯಲ್ಲಿ ಎಳ್ಳು ಮೂಲ, ‘ಗಾಣದೆಣ್ಣೆ’ಯಲ್ಲಿ ಗಾಣ ಸಾಧನ, ‘ದೀಪದೆಣ್ಣೆ’ಯಲ್ಲಿ ದೀಪ ಪ್ರಯೋಜನ. ಕೇಳುಗನು ಲೋಕಜ್ಞಾನದಿಂದ ಸಂಬಂಧವನ್ನು ತುಂಬಿಕೊಳ್ಳುತ್ತಾನೆ.

ಅರಣ್ಯ ಕಾಯ್ದೆಗಳ ಅರಣ್ಯ ಉತ್ಪನ್ನ ಪಟ್ಟಿಯಲ್ಲಿ ‘ಮರದ ಎಣ್ಣೆ’ ಎಂಬ ಪದವಿದೆ. ವ್ಯಾಪಾರದ ಪರಿಭಾಷೆಯಲ್ಲಿ ಅದು ಡಿಪ್ಟೆರೋಕಾರ್ಪಸ್ ಜಾತಿಯ ಮರಗಳಿಂದ ಒಸರುವ ಒಂದು ನಿರ್ದಿಷ್ಟ ದ್ರವ್ಯದ ಹೆಸರು. ಪದಗಳನ್ನು ಬಿಡಿಸಿ ಓದಿದರೆ ಮರದಿಂದ ಪಡೆದ ಯಾವ ಎಣ್ಣೆಯೂ ಆಗಬಹುದು. ಕೇರಳದ ಕಾಯ್ದೆಯಡಿ ಶ್ರೀಗಂಧದ ಎಣ್ಣೆ ‘ಮರದ ಎಣ್ಣೆ’ಯೇ ಎಂಬ ಪ್ರಶ್ನೆ ಪಿ. ಮೊಹಮ್ಮದ್ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1993ರಲ್ಲಿ ನ್ಯಾಯಾಲಯವು ವಿಶಾಲವಾದ ಓದನ್ನು ಎತ್ತಿಹಿಡಿಯಿತು. ರೂಢಾರ್ಥವನ್ನು ಯೋಗಾರ್ಥ ಗೆದ್ದಿತು. ಕರ್ನಾಟಕದ ಕಾಯ್ದೆಯಲ್ಲಿ ಈ ತೊಡಕಿಲ್ಲ. ಅದು ಶ್ರೀಗಂಧದ ಎಣ್ಣೆಯನ್ನು ಬೇರೆಯಾಗಿಯೇ ಹೆಸರಿಸುತ್ತದೆ.

ಇದಕ್ಕೆ ತಕ್ಕ ಜೋಡಿ 1818ರ ನ್ಯೂಯಾರ್ಕಿನ ಮಾರಿಸ್ ವಿರುದ್ಧ ಜಡ್ ಪ್ರಕರಣ. ‘ಮೀನೆಣ್ಣೆ’ಯ ತಪಾಸಣೆಗೆ ಶುಲ್ಕ ವಿಧಿಸುವ ಕಾನೂನು ತಿಮಿಂಗಿಲದ ಎಣ್ಣೆಗೆ ಅನ್ವಯಿಸುವುದೇ ಎಂಬುದು ವಿವಾದ. ಪ್ರಾಣಿಶಾಸ್ತ್ರಜ್ಞರ ಸಾಕ್ಷ್ಯವನ್ನು ಬದಿಗಿಟ್ಟ ಜ್ಯೂರಿ ತಿಮಿಂಗಿಲವನ್ನು ಮೀನೆಂದು ಬಗೆಯಿತು. ಅಲ್ಲಿ ಸಂದೇಹವಿದ್ದುದು ಪೂರ್ವಪದದ ವ್ಯಾಪ್ತಿಯಲ್ಲಿ. ಮರದ ಎಣ್ಣೆಯಲ್ಲಿ ಸಂದೇಹವಿರುವುದು ಇಡೀ ಸಮಾಸ ರೂಢವೋ ಯೌಗಿಕವೋ ಎಂಬುದರಲ್ಲಿ. ಎರಡನ್ನೂ ಒಂದೇ ‘ಅಸ್ಪಷ್ಟತೆ’ ಎಂದು ಕರೆದರೆ ಈ ಭೇದ ಮರೆಯಾಗುತ್ತದೆ.

4. ಹೆಸರು ಮತ್ತು ಪ್ರಭೇದ

1963ರ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ‘ಮಹುವಾ ಅಥವಾ ಇಪ್ಪೆ’ ಹೂಗಳ ಉಲ್ಲೇಖವಿದೆ. ಹಿಂದಿ ಮೂಲದ ಹೆಸರಿನ ಪಕ್ಕದಲ್ಲಿ ಕನ್ನಡ ‘ಇಪ್ಪೆ’, ತೆಲುಗು ‘ಇಪ್ಪ’ಗಳ ದ್ರಾವಿಡ ರೂಪ ನಿಂತಿದೆ. ಇಲ್ಲಿನ ‘ಅಥವಾ’ ಎರಡು ವಸ್ತುಗಳ ವಿಕಲ್ಪವಲ್ಲ, ಒಂದು ವಸ್ತುವಿನ ಎರಡು ಹೆಸರುಗಳ ವಿಕಲ್ಪ. ಸ್ಥಳೀಯ ಓದುಗನಿಗೆ ಇದು ಸಹಜವಾಗಿ ಹೊಳೆಯುತ್ತದೆ. ಪಠ್ಯದ ವಾಕ್ಯರಚನೆ ಮಾತ್ರ ಅದನ್ನು ಹೇಳುವುದಿಲ್ಲ.

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಬೇಡವಾದ ಮರಗಳನ್ನು ಪಟ್ಟಿಮಾಡುತ್ತದೆ. ಅದರಲ್ಲಿ ಕ್ಯಾಸುರಿನಾ, ಯೂಕಲಿಪ್ಟಸ್ ಎಂಬ ಕುಲನಾಮಗಳಿವೆ. ಹೋಪಿಯಾ ವೈಟಿಯಾನಾ ಎಂಬ ಪೂರ್ಣ ಪ್ರಭೇದನಾಮವಿದೆ. ಓಕ್ ಅಲ್ಲದ ಸಿಲ್ವರ್ ಓಕ್ ಇದೆ. ಸುಬಾಬುಲ್ ಎಂಬ ದೇಶೀಯ ವಾಣಿಜ್ಯನಾಮವಿದೆ. ಒಂದೇ ಪಟ್ಟಿಯ ಪದಗಳು ಬೇರೆ ಬೇರೆ ವರ್ಗೀಕರಣದ ಮಟ್ಟಗಳಿಂದ ಬಂದಿವೆ.

ಯೂಕಲಿಪ್ಟಸ್ ಈ ಭಾಗದ ರೈತನಿಗೆ ‘ನೀಲಗಿರಿ’. ಬೆಟ್ಟದ ಹೆಸರು ಮರದ ಹೆಸರಾಯಿತು. ಟಿಪ್ಪುವಿನ ಕಾಲದಲ್ಲಿ ನೆಡಲಾಯಿತೆಂದು ಹೇಳಲಾಗುವ ನಂದಿಬೆಟ್ಟದ ಮರಗಳಿಂದ ‘ಮೈಸೂರು ಗಮ್’ ಎಂಬ ತಳಿ ಹರಡಿತು. 1995ರಲ್ಲಿ ಹಿಲ್ ಮತ್ತು ಜಾನ್ಸನ್ ಎಂಬ ಸಸ್ಯವಿಜ್ಞಾನಿಗಳು ಯೂಕಲಿಪ್ಟಸ್ ಕುಲದಿಂದ ಕೊರಿಂಬಿಯಾ ಎಂಬ ಕುಲವನ್ನು ಬೇರ್ಪಡಿಸಿದರು. ನಿಂಬೆಯ ಪರಿಮಳದ ಯೂಕಲಿಪ್ಟಸ್ ಸಿಟ್ರಿಯೊಡೋರಾ ಆಗ ಕೊರಿಂಬಿಯಾ ಸಿಟ್ರಿಯೊಡೋರಾ ಆಯಿತು. 1976ರ ಪಟ್ಟಿಯ ‘ಯೂಕಲಿಪ್ಟಸ್’ ಅದಕ್ಕೆ ಈಗಲೂ ಅನ್ವಯಿಸುವುದೇ? ಪಟ್ನಮ್ 1975ರಲ್ಲಿ ವಿವರಿಸಿದ ಭಾಷಿಕ ಶ್ರಮವಿಭಜನೆಯನ್ನು ನೆಚ್ಚಿದರೆ ಪದದ ವ್ಯಾಪ್ತಿಯನ್ನು ತಜ್ಞರು ನಿರ್ಧರಿಸುತ್ತಾರೆ. ಆಗ ಈ ಮರ ವಿನಾಯಿತಿಯಿಂದ ಹೊರಗುಳಿಯುತ್ತದೆ. ಶಾಸನ ರಚನೆಯ ಕಾಲದ ಅರ್ಥವನ್ನು ಹಿಡಿದರೆ ಒಳಗೇ ಉಳಿಯುತ್ತದೆ.

2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಪ್ರಶ್ನೆಗೆ ಎರಡನೆಯ ಮುಖ ಬಂದಿತು. ಕಿರಿದಾದ ಅರ್ಥದಲ್ಲಿ ಓದಿದರೆ ಕೊರಿಂಬಿಯಾವನ್ನು ನೆಡಬಹುದು, ಆದರೆ ಕಡಿಯಲು ಅನುಮತಿ ಬೇಕು. ವಿಶಾಲವಾಗಿ ಓದಿದರೆ ನೆಡುವಂತಿಲ್ಲ, ಆದರೆ ಅನುಮತಿಯಿಲ್ಲದೆ ಕಡಿಯಬಹುದು. ಎರಡೂ ಮರಗಳನ್ನು ‘ನೀಲಗಿರಿ’ ಎಂದೇ ಕರೆಯುವ ರೈತನಿಗೆ ಈ ಆಯ್ಕೆ ತನ್ನ ಭಾಷೆಯಲ್ಲಿ ಕಾಣುವುದೇ ಇಲ್ಲ.

5. ಉಪಸಂಹಾರ

ಅಳತೆಯ ವ್ಯಾಖ್ಯೆ ಅಂಚನ್ನು ಗುರುತಿಸುತ್ತದೆ, ಬಗೆಯನ್ನು ಹೇಳುವುದಿಲ್ಲ. ಸೇರ್ಪಡೆಯ ವ್ಯಾಖ್ಯೆ ಅಂಚನ್ನು ಹಿಗ್ಗಿಸುತ್ತದೆ, ತಿರುಳನ್ನು ರೂಢಿಗೆ ಬಿಡುತ್ತದೆ. ಪ್ರಭೇದನಾಮ ಬಗೆಯನ್ನು ಹೇಳುತ್ತದೆ, ಆದರೆ ಹೆಸರಿಡುವ ಅಧಿಕಾರ ಶಾಸನಸಭೆಯ ಹೊರಗಿದೆ. ಆದ್ದರಿಂದ ಪ್ರಭೇದವನ್ನು ಹೆಸರಿಸುವ ಪಟ್ಟಿಯಲ್ಲಿ ಯಾವ ದಿನಾಂಕದ ವರ್ಗೀಕರಣವನ್ನು ಅನುಸರಿಸಲಾಗಿದೆ ಎಂಬುದನ್ನು ಹೇಳುವುದೂ, ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಎಲ್ಲ ಭಾಷೆಗಳ ಹೆಸರುಗಳನ್ನು ಪರ್ಯಾಯಗಳೆಂದು ಸ್ಪಷ್ಟವಾಗಿ ಗುರುತಿಸಿ ಕೊಡುವುದೂ ಅಗತ್ಯ. ಈ ಕೆಲಸಕ್ಕೆ ಸಸ್ಯವಿಜ್ಞಾನಿಯಷ್ಟೇ ಭಾಷಾವಿಜ್ಞಾನಿಯೂ ಬೇಕು. ಗಡಿಭಾಗದ ತಾಲ್ಲೂಕುಗಳ ಸಸ್ಯನಾಮಗಳನ್ನು ಕನ್ನಡ–ತೆಲುಗು ಸಮಾನಾಂತರವಾಗಿ, ಪ್ರತಿ ಹೆಸರಿನ ವ್ಯಾಪ್ತಿಯೊಡನೆ ದಾಖಲಿಸುವುದರಿಂದ ಅದನ್ನು ಆರಂಭಿಸಬಹುದು.